ಕಾಂಪೊನೆಂಟ್ ಜೋಡಿಸಿ ರಿಯಲ್‌ಟೈಮ್ ಸಿಸ್ಟಮ್ ಕಟ್ಟುವುದು ಹೇಗೆ: ಬ್ಯಾಟರಿ ಕಂಟ್ರೋಲರ್ ಒಂದರ ಪೂರ್ತಿ ಲೆಕ್ಕ

ಹುಬ್ಬಳ್ಳಿ, ಬೆಳಗಾವಿ, ಬಾಗಲಕೋಟೆ, ಕಲಬುರಗಿ ಕಡೆಯಿಂದ ಎಂಜಿನಿಯರಿಂಗ್ ಮುಗಿಸಿ ಪುಣೆಗೆ ಬರುವ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳ ಜನ ಗಾಡಿ ಎಲೆಕ್ಟ್ರಾನಿಕ್ಸ್ ಕೆಲಸಕ್ಕೇ ಸೇರುತ್ತಾರೆ. ಹಿಂಜೆವಾಡಿ, ಚಾಕಣ್, ಭೋಸರಿ, ಎಲ್ಲಿ ಹೋದರೂ ಒಬ್ಬರಾದರೂ ಕನ್ನಡದವರು ಸಿಗುತ್ತಾರೆ. ಇವರಿಗೆ ಸಿ ಚೆನ್ನಾಗಿ ಬರುತ್ತದೆ. ಆರ್‌ಟಿಒಎಸ್ (ಯಾವ ಕೆಲಸ ಯಾವಾಗ ಓಡಬೇಕು ಅಂತ ನೋಡಿಕೊಳ್ಳುವ ಸಣ್ಣ ಆಪರೇಟಿಂಗ್ ಸಿಸ್ಟಮ್, ಅದು ಓಡಿಸುವ ಒಂದೊಂದು ಕೆಲಸ ಒಂದೊಂದು ಟಾಸ್ಕ್) ಅಂದರೆ ಏನು ಅಂತಲೂ ಗೊತ್ತು. ಆದರೆ ಐದು ಜನ ಬರೆದ ಕೋಡ್ ಒಂದೇ ಚಿಪ್ ಮೇಲೆ ಕೂತಾಗ ಎಲ್ಲವೂ ಗಡುವಿನೊಳಗೆ ಮುಗಿಯುತ್ತದೆ ಅಂತ ಕಾಗದದ ಮೇಲೆ ತೋರಿಸು ಅಂದರೆ ತಡವರಿಸುತ್ತಾರೆ. ಕಾಲೇಜಿನಲ್ಲಿ ಈ ಲೆಕ್ಕ ಹೇಳಿಕೊಡುವವರು ಕಡಿಮೆ. ಕನ್ನಡದಲ್ಲಂತೂ ಸಿಗುವುದೇ ಇಲ್ಲ. ಅದಕ್ಕೇ ಇಲ್ಲಿ ಒಂದು ಉದಾಹರಣೆ ಹಿಡಿದು ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ಪಕ್ಕದಲ್ಲಿ ಪೆನ್ನು, ಕಾಗದ ಇಟ್ಟುಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಂಪೊನೆಂಟ್ (ಒಂದು ಕೆಲಸ ಮಾಡುವ ಸಾಫ್ಟ್‌ವೇರ್ ತುಂಡು) ಏನು ಮಾಡುತ್ತದೆ ಅನ್ನುವುದು ಅದರ ಕೋಡ್‌ನಲ್ಲಿದೆ. ಯಾವಾಗ ಮುಗಿಸುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಅದು ಅಕ್ಕಪಕ್ಕ ಯಾರಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಮುಂದೆ ಬರುವ ಎಲ್ಲ ಹೆಜ್ಜೆಗಳೂ ಇದರಿಂದಲೇ ಹುಟ್ಟಿದವು.

ಉದಾಹರಣೆ

ಎಲೆಕ್ಟ್ರಿಕ್ ಸ್ಕೂಟರ್‌ನ ಬ್ಯಾಟರಿ ನೋಡಿಕೊಳ್ಳುವ ಕಂಟ್ರೋಲರ್ ತೆಗೆದುಕೊಳ್ಳೋಣ. ಎಲ್ಲರೂ ಬಿಎಂಎಸ್ ಅನ್ನುತ್ತೇವೆ. ಸಾಲಾಗಿ 14 ಲಿಥಿಯಂ ಸೆಲ್. ಒಂದು ಮೈಕ್ರೋಕಂಟ್ರೋಲರ್, ಅದರಲ್ಲಿ ಒಂದೇ ಕೋರ್. ಮೇಲೆ ಒಂದು ಸಣ್ಣ ಆರ್‌ಟಿಒಎಸ್. ಮೋಟಾರ್ ಕಂಟ್ರೋಲರ್ ಜೊತೆ ಮಾತಾಡಲು ಕ್ಯಾನ್ ಬಸ್. ಕೆಳಗಿನ ಸಂಖ್ಯೆಗಳು ಲೆಕ್ಕ ಕಲಿಸಲು ನಾನು ಆರಿಸಿಕೊಂಡವು. ನಿಮ್ಮ ಪ್ರಾಜೆಕ್ಟ್‌ನಲ್ಲಿ ನೀವೇ ಅಳೆದ ಸಂಖ್ಯೆಗಳನ್ನು ಹಾಕಿ.

ಹೆಜ್ಜೆ 1: ಗಡುವು ಎಲ್ಲಿಂದ ಬಂತು ಅಂತ ಬರೆಯಿರಿ

"10 ಮಿಲಿಸೆಕೆಂಡ್‌ಗೊಮ್ಮೆ ಓಡಲಿ" ಅಂತ ಯಾರೋ ಹೇಳಿದ್ದು ಗಡುವಲ್ಲ. ಗಡುವು ಹೊರಗಿನಿಂದ ಬರಬೇಕು: ಸೆಲ್‌ನಿಂದ, ಮೋಟಾರ್‌ನಿಂದ, ಇಲ್ಲವೇ ನಿಯಮದಿಂದ. ಎಲೆಕ್ಟ್ರಿಕ್ ದ್ವಿಚಕ್ರ ವಾಹನದ ಬ್ಯಾಟರಿಗೆ ನಮ್ಮಲ್ಲಿ ಎಐಎಸ್-156 ಅನ್ನುವ ಸುರಕ್ಷತಾ ನಿಯಮ ಇದೆ. ಓವರ್‌ಚಾರ್ಜ್, ಓವರ್‌ಡಿಸ್ಚಾರ್ಜ್, ಹೊರಗಿನ ಶಾರ್ಟ್ ಸರ್ಕ್ಯೂಟ್, ಅತಿ ಬಿಸಿ, ಇವುಗಳಿಂದ ಬ್ಯಾಟರಿ ಕಾಪಾಡಿಕೊಳ್ಳುತ್ತದೆಯೇ ಅಂತ ಅದರಲ್ಲಿ ಪರೀಕ್ಷೆ ಮಾಡುತ್ತಾರೆ. ಇಂಥ ಪರೀಕ್ಷೆ ಮಾಡುವ ಎಆರ್‌ಎಐ (ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ) 1966ರಿಂದ ಇದೆ. ನಮ್ಮ ಪುಣೆಯಲ್ಲೇ, ವೇತಾಳ ಟೇಕಡಿಯ ಮೇಲೆ.

ಪ್ರತಿ ಗಡುವಿನ ಮುಂದೆಯೂ ಎರಡು ವಿಷಯ ಇರಲಿ. ತಪ್ಪಿದರೆ ಏನಾಗುತ್ತದೆ? ಇದನ್ನು ಸಾಫ್ಟ್‌ವೇರ್ ಮಾಡಬೇಕೇ, ಹಾರ್ಡ್‌ವೇರ್ ಮಾಡಬೇಕೇ? ಶಾರ್ಟ್ ಸರ್ಕ್ಯೂಟ್ ಆದಾಗ ಮೈಕ್ರೋಸೆಕೆಂಡ್‌ಗಳಲ್ಲಿ ಕರೆಂಟ್ ಕಡಿಯಬೇಕು. ಆ ಕೆಲಸವನ್ನು ಕಂಪ್ಯಾರೇಟರ್ ಅನ್ನುವ ಹಾರ್ಡ್‌ವೇರ್ ಸರ್ಕ್ಯೂಟ್‌ಗೆ ಬಿಡಿ. ಆರ್‌ಟಿಒಎಸ್ ಟಾಸ್ಕ್‌ಗೆ ಕೊಡಬೇಡಿ. ಲೋಡ್ ಜಾಸ್ತಿಯಾಗಿ ಕರೆಂಟ್ ನಿಧಾನಕ್ಕೆ ಏರುವುದು, ಸೆಲ್ ವೋಲ್ಟೇಜ್ ಮಿತಿ ದಾಟುವುದು, ಇವು ಸಾಫ್ಟ್‌ವೇರ್ ಕೆಲಸ. ಈ ಗೆರೆ ಮೊದಲೇ ಎಳೆದುಬಿಟ್ಟರೆ ಅರ್ಧ ತಲೆನೋವು ಕಡಿಮೆ.

ನಮ್ಮ ಉದಾಹರಣೆಗೆ ದೊಡ್ಡ ಗಡುವು ಇದು: ಯಾವುದಾದರೂ ಸೆಲ್‌ನ ವೋಲ್ಟೇಜ್ ಮಿತಿ ದಾಟಿದ ಕ್ಷಣದಿಂದ 100 ಮಿಲಿಸೆಕೆಂಡ್ ಒಳಗೆ ಮೋಟಾರ್ ಕಂಟ್ರೋಲರ್ ಕರೆಂಟ್ ಇಳಿಸಲು ಶುರು ಮಾಡಿರಬೇಕು.

ಹೆಜ್ಜೆ 2: ಕಾಂಪೊನೆಂಟ್ ಒಡೆಯಿರಿ, ಕರಾರು ಬರೆಯಿರಿ

ಒಡೆಯುವುದು ಸುಲಭ. ಕರೆಂಟ್ ಅಳೆಯುವುದು ಒಂದು, ಸೆಲ್ ವೋಲ್ಟೇಜ್ ಓದಿ ಮಿತಿ ನೋಡುವುದು ಒಂದು, ಕ್ಯಾನ್ ಸಂದೇಶ ಒಂದು, ಚಾರ್ಜ್ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕುವುದು ಒಂದು, ಲಾಗ್ ಬರೆಯುವುದು ಒಂದು. ಒಳಗೆ ಏನು ಬರುತ್ತದೆ, ಹೊರಗೆ ಏನು ಹೋಗುತ್ತದೆ ಅನ್ನುವುದು ಪೋರ್ಟ್‌ಗಳಲ್ಲಿ ಮಾತ್ರ ಇರಲಿ. ಒಬ್ಬರ ಗ್ಲೋಬಲ್ ವೇರಿಯಬಲ್‌ಗೆ ಇನ್ನೊಬ್ಬರು ಕೈ ಹಾಕಬಾರದು. 2003ರಲ್ಲಿ ಶುರುವಾದ ಆಟೋಸಾರ್ (ಗಾಡಿ ಸಾಫ್ಟ್‌ವೇರ್‌ನ ಸ್ಟ್ಯಾಂಡರ್ಡ್) ಹೇಳುವುದೂ ಮೂಲದಲ್ಲಿ ಇದನ್ನೇ: ಕಾಂಪೊನೆಂಟ್, ಅದರ ಪೋರ್ಟ್, ಅದರೊಳಗೆ ರನ್ನಬಲ್ (ಟಾಸ್ಕ್ ಓಡಿಸುವ ಫಂಕ್ಷನ್), ನಡುವೆ ಇವನ್ನು ಜೋಡಿಸುವ ಆರ್‌ಟಿಇ. ನೀವು ಆಟೋಸಾರ್ ಬಳಸದಿದ್ದರೂ ಈ ಶಿಸ್ತು ಬಿಡಬೇಡಿ.

ಕಷ್ಟ ಇರುವುದು ಕರಾರಿನಲ್ಲಿ. ಬಹಳ ತಂಡಗಳಲ್ಲಿ ಹೆಡರ್ ಫೈಲ್ ಒಂದೇ ಕರಾರು. ಫಂಕ್ಷನ್ ಹೆಸರು, ಆರ್ಗ್ಯುಮೆಂಟ್, ಅಷ್ಟೇ. ರಿಯಲ್‌ಟೈಮ್‌ಗೆ ಅದು ಸಾಲುವುದಿಲ್ಲ. ಪ್ರತಿ ಕಾಂಪೊನೆಂಟ್‌ಗೂ ಇಷ್ಟನ್ನು ಬರೆಸಿ: ಎಷ್ಟು ಹೊತ್ತಿಗೊಮ್ಮೆ ಓಡಬೇಕು, ಅತಿ ಹೆಚ್ಚೆಂದರೆ ಎಷ್ಟು ಸಮಯ ತೆಗೆದುಕೊಳ್ಳುತ್ತದೆ, ಅದನ್ನು ಯಾವ ಚಿಪ್ ಮೇಲೆ, ಯಾವ ಕ್ಲಾಕ್‌ನಲ್ಲಿ, ಯಾವ ಕಂಪೈಲರ್ ಆಪ್ಟಿಮೈಸೇಷನ್‌ನಲ್ಲಿ ಅಳೆದದ್ದು, ಯಾವ ಲಾಕ್‌ಗಳನ್ನು (ಹಂಚಿಕೊಂಡ ಡೇಟಾಗೆ ಒಮ್ಮೆಗೆ ಒಬ್ಬರೇ ಕೈ ಹಾಕುವಂತೆ ಮಾಡುವ ಬೀಗ) ಹಿಡಿಯುತ್ತದೆ, ಹಿಡಿದರೆ ಎಷ್ಟು ಹೊತ್ತು, ಸ್ಟ್ಯಾಕ್ ಎಷ್ಟು ಬೇಕು, ಒಳಬರುವ ಬೆಲೆ ಯಾವ ಮಿತಿಯೊಳಗೆ ಇರುತ್ತದೆ ಅಂತ ನಂಬಿಕೊಂಡಿದೆ.

ಕೊನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಚೂರಾಯಿತು. ಏರಿಯಾನ್ 4ರಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಸಾಫ್ಟ್‌ವೇರನ್ನು ಹಾಗೇ ತಂದು ಹಾಕಿದ್ದರು. ಹೊಸ ರಾಕೆಟ್‌ನ ಅಡ್ಡ ವೇಗ ಹಳೆಯದಕ್ಕಿಂತ ಜಾಸ್ತಿ. 64 ಬಿಟ್ ಫ್ಲೋಟನ್ನು 16 ಬಿಟ್ ಇಂಟಿಜರ್‌ಗೆ ಇಳಿಸುವ ಒಂದು ಸಾಲಿನಲ್ಲಿ ಬೆಲೆ ಹಿಡಿಸದೆ ಓವರ್‌ಫ್ಲೋ ಆಯಿತು. ಕೋಡ್ ಅದೇ, ಸುತ್ತಲಿನ ಪರಿಸರ ಬೇರೆ. "ಬೆಲೆ ಇಷ್ಟರೊಳಗೆ ಇರಬೇಕು" ಅನ್ನುವ ಕರಾರು ಕಾಂಪೊನೆಂಟ್ ಜೊತೆ ಪ್ರಯಾಣ ಮಾಡಲಿಲ್ಲ.

ಹೆಜ್ಜೆ 3: ಕಾಂಪೊನೆಂಟ್ ಬೇರೆ, ಟಾಸ್ಕ್ ಬೇರೆ

ಒಂದು ಕಾಂಪೊನೆಂಟ್‌ಗೆ ಒಂದು ಟಾಸ್ಕ್ ಅಂತ ಮಾಡಿದರೆ ಸ್ಟ್ಯಾಕ್‌ಗೇ ರ‍್ಯಾಮ್ ಮುಗಿಯುತ್ತದೆ. ಒಂದೇ ಅವಧಿಯವನ್ನು ಒಂದೇ ಟಾಸ್ಕ್‌ಗೆ ಹಾಕಿ, ಒಳಗೆ ಯಾರ ನಂತರ ಯಾರು ಅಂತ ಗೊತ್ತು ಮಾಡಿ. ನಮ್ಮದು ನಾಲ್ಕು ಟಾಸ್ಕ್ ಆಗುತ್ತದೆ. ಎಲ್ಲ ಮಿಲಿಸೆಕೆಂಡ್‌ನಲ್ಲಿ:

- ಕರೆಂಟ್: ಅವಧಿ 5, ಕೆಲಸ 1
- ವೋಲ್ಟೇಜ್: ಅವಧಿ 20, ಕೆಲಸ 6
- ಕ್ಯಾನ್: ಅವಧಿ 50, ಕೆಲಸ 8
- ಚಾರ್ಜ್ ಲೆಕ್ಕ ಮತ್ತು ಲಾಗ್: ಅವಧಿ 100, ಕೆಲಸ 20

ಪ್ರತಿಯೊಂದೂ ತನ್ನ ಮುಂದಿನ ಸರದಿ ಬರುವ ಮೊದಲು ಮುಗಿಯಬೇಕು, ಅಂದರೆ ಗಡುವು ಅವಧಿಯಷ್ಟೇ. ಅವಧಿ ಕಡಿಮೆ ಇದ್ದವರಿಗೆ ಪ್ರಯಾರಿಟಿ ಜಾಸ್ತಿ. ಇದಕ್ಕೆ ರೇಟ್ ಮೊನೊಟೊನಿಕ್ ಅನ್ನುತ್ತಾರೆ. ಇಲ್ಲೊಂದು ಗುಂಡಿ ಇದೆ, ಹೊಸಬರು ಬೀಳುತ್ತಲೇ ಇರುತ್ತಾರೆ. ಫ್ರೀಆರ್‌ಟಿಒಎಸ್ ಅನ್ನುವ ಆರ್‌ಟಿಒಎಸ್‌ನಲ್ಲಿ ಟಾಸ್ಕ್‌ನ ಪ್ರಯಾರಿಟಿ ಸಂಖ್ಯೆ ದೊಡ್ಡದಿದ್ದರೆ ಪ್ರಯಾರಿಟಿ ಜಾಸ್ತಿ. ಕಾರ್ಟೆಕ್ಸ್-ಎಂ ಚಿಪ್‌ನ ಇಂಟರಪ್ಟ್‌ಗಳಲ್ಲಿ (ಓಡುವ ಕೆಲಸ ನಿಲ್ಲಿಸಿ ನಡುವೆ ನುಗ್ಗುವ ಹಾರ್ಡ್‌ವೇರ್ ಕರೆಗಳು) ಉಲ್ಟಾ, ಸಂಖ್ಯೆ ಚಿಕ್ಕದಿದ್ದಷ್ಟೂ ಜಾಸ್ತಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಇನ್ನೊಂದು. ಟಾಸ್ಕ್ 20 ಮಿಲಿಸೆಕೆಂಡ್‌ಗೊಮ್ಮೆ ಓಡಬೇಕಾದರೆ ಫ್ರೀಆರ್‌ಟಿಒಎಸ್‌ನ ವಿಟಾಸ್ಕ್‌ಡಿಲೇ (vTaskDelay) ಹಾಕಬೇಡಿ. ಅದು ಕೆಲಸ ಮುಗಿದ ಮೇಲೆ 20 ಎಣಿಸುತ್ತದೆ. ಕೆಲಸಕ್ಕೆ 6 ಹೋದರೆ ಅವಧಿ 26 ಆಯಿತು, ನಡುವೆ ಅಡ್ಡಿ ಬಂದರೆ ಇನ್ನೂ ಜಾಸ್ತಿ. ವಿಟಾಸ್ಕ್‌ಡಿಲೇಅಂಟಿಲ್ (vTaskDelayUntil) ಬಳಸಿ. ಅದು ಹಿಂದಿನ ಎಚ್ಚರದ ಹೊತ್ತಿನಿಂದ ಎಣಿಸುತ್ತದೆ.

ಹೆಜ್ಜೆ 4: ಕೆಲಸದ ಸಮಯ ಅಳೆಯಿರಿ

"ಸರ, ನನ್ನ ಕೋಡ್ ಬರೇ ನಾಕ ಮಿಲಿಸೆಕೆಂಡ್ ತಗೋತದ್ರೀ" ಅಂತ ಗದಗಿನ ಹುಡುಗಿಯೊಬ್ಬಳು ಒಮ್ಮೆ ತೋರಿಸಿದಳು. "ಯಾವ ದಾರಿ ಹಿಡಿದಾಗ ನಾಕವ್ವಾ?" ಅಂತ ಕೇಳಿದೆ. ಎಲ್ಲ ಸೆಲ್ ಚೆನ್ನಾಗಿರುವಾಗ ಅಳೆದಿದ್ದಳು. ಒಂದು ಸೆಲ್‌ನ ಸೆನ್ಸರ್ ಉತ್ತರ ಕೊಡದೆ ಮರುಪ್ರಯತ್ನದ ಲೂಪ್‌ಗೆ ಹೋದಾಗ ಆರಕ್ಕೆ ಮುಟ್ಟಿತು. ನಮ್ಮ ಲೆಕ್ಕಕ್ಕೆ ಬೇಕಾದದ್ದು ಆ ಆರು. ಕೆಟ್ಟ ದಿನದ ಸಮಯವೇ ಬೇಕು, ಸರಾಸರಿಯಿಂದ ಪ್ರಯೋಜನವಿಲ್ಲ.

ಅಳೆಯಲು ಎರಡು ಸುಲಭ ದಾರಿ. ಒಂದು, ಟಾಸ್ಕ್ ಶುರುವಾದಾಗ ಒಂದು ಜಿಪಿಐಒ ಪಿನ್ ಮೇಲೆ ಎತ್ತಿ, ಮುಗಿದಾಗ ಇಳಿಸಿ, ಲಾಜಿಕ್ ಅನಲೈಸರ್‌ನಲ್ಲಿ ನೋಡುವುದು. ಸಣ್ಣ ಲಾಜಿಕ್ ಅನಲೈಸರ್ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿ ಕಡೆ ಹುಡುಕಿ ನೋಡಿ, ಮುಂಬೈಯವರು ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ. ಎರಡು, ಕಾರ್ಟೆಕ್ಸ್-ಎಂ3, ಎಂ4 ಚಿಪ್‌ಗಳಲ್ಲಿರುವ ಡಿಡಬ್ಲ್ಯುಟಿ ಸೈಕಲ್ ಕೌಂಟರ್ ಓದುವುದು. ಅದು ಒಂದೊಂದು ಕ್ಲಾಕನ್ನೂ ಎಣಿಸುತ್ತದೆ. ಅಳೆಯುವಾಗ ಬೇರೆ ಇಂಟರಪ್ಟ್ ನುಗ್ಗಿದರೆ ಅದರ ಸಮಯವೂ ಇದರಲ್ಲಿ ಸೇರುತ್ತದೆ, ಹಾಗಾಗಿ ಒಂಟಿಯಾಗಿ ಓಡಿಸಿ ಅಳೆಯಿರಿ. ಗಾಡಿಗೆ ಹೋಗುವ ಬಿಲ್ಡ್ ಯಾವುದೋ ಅದನ್ನೇ ಅಳೆಯಿರಿ. ಡೀಬಗ್ ಬಿಲ್ಡ್‌ನ ಸಂಖ್ಯೆ ಯಾವ ಕೆಲಸಕ್ಕೂ ಬರುವುದಿಲ್ಲ.

ಹತ್ತಿರದಿಂದ ನೋಡಬೇಕಾದ ಒಂದು ಸಣ್ಣ ವಿಷಯ ಹೇಳುತ್ತೇನೆ. ಕಾರ್ಟೆಕ್ಸ್-ಎಂ4ರಲ್ಲಿ ಎಫ್‌ಪಿಯು (ದಶಮಾಂಶ ಲೆಕ್ಕದ ಹಾರ್ಡ್‌ವೇರ್) ಇದ್ದರೂ ಅದು ಸಿಂಗಲ್ ಪ್ರಿಸಿಷನ್ (32 ಬಿಟ್) ಮಾತ್ರ. ಸಿ ಕೋಡ್‌ನಲ್ಲಿ 3.3 ಅಂತ ಬರೆದರೆ ಅದು ಡಬಲ್ (64 ಬಿಟ್). ಗುಣಾಕಾರ ಸಾಫ್ಟ್‌ವೇರ್ ಲೈಬ್ರರಿಗೆ ಹೋಗುತ್ತದೆ. 3.3ರ ಪಕ್ಕದಲ್ಲಿ ಎಫ್ ಅಕ್ಷರ ಸೇರಿಸಿದರೆ ಹಾರ್ಡ್‌ವೇರ್‌ನಲ್ಲೇ ಮುಗಿಯುತ್ತದೆ. 14 ಸೆಲ್‌ಗೆ ಫಿಲ್ಟರ್ ಓಡಿಸುವಾಗ ಒಂದು ಅಕ್ಷರ ಎಷ್ಟು ಸಮಯ ಉಳಿಸುತ್ತದೆ ಅಂತ ನೀವೇ ಅಳೆದು ನೋಡಿ.

ಅಳತೆ ಎಷ್ಟೇ ಮಾಡಿದರೂ ಅತಿ ಕೆಟ್ಟ ದಾರಿ ಸಿಕ್ಕಿತು ಅನ್ನುವ ಗ್ಯಾರಂಟಿ ಇಲ್ಲ. ಅದಕ್ಕೇ ಮೇಲೆ ಸ್ವಲ್ಪ ಸೇರಿಸುತ್ತೇವೆ. ಪ್ರಾಣಕ್ಕೆ ಸಂಬಂಧಪಟ್ಟ ಕಡೆ ಬೈನರಿಯನ್ನೇ ಓದಿ ಮೇಲ್ಮಿತಿ ಕೊಡುವ ಸ್ಟ್ಯಾಟಿಕ್ ಅನಾಲಿಸಿಸ್ ಟೂಲ್‌ಗಳನ್ನು ಬಳಸುತ್ತಾರೆ. ಲೂಪ್‌ಗಳಿಗೆ ಗರಿಷ್ಠ ಎಣಿಕೆ ಇಲ್ಲದಿದ್ದರೆ ಆ ಟೂಲ್‌ಗಳೂ ಏನೂ ಮಾಡಲಾರವು. ಹಾಗಾಗಿ "ಉತ್ತರ ಬರುವವರೆಗೆ ಕಾಯಿ" ಅನ್ನುವ ಲೂಪ್ ಕಂಡಲ್ಲೆಲ್ಲ ಎಣಿಕೆ ಹಾಕಿ.

ಹೆಜ್ಜೆ 5: ರೆಸ್ಪಾನ್ಸ್ ಟೈಮ್ ಲೆಕ್ಕ

ಇದೇ ಈ ಬರಹದ ಜೀವಾಳ. ನಿಧಾನಕ್ಕೆ ಹೋಗೋಣ.

ಹಿಂಜೆವಾಡಿ ಫೇಸ್ 3ರಿಂದ ವಾಕಡ್‌ಗೆ ಖಾಲಿ ರಸ್ತೆಯಲ್ಲಿ ಎಷ್ಟು ಹೊತ್ತು ಬೇಕು ಅನ್ನುವುದು ಒಂದು ಪ್ರಶ್ನೆ. ಸಂಜೆ ಆರಕ್ಕೆ ಎಲ್ಲ ಕಂಪನಿ ಬಸ್ಸುಗಳೂ ಒಟ್ಟಿಗೆ ಹೊರಟಾಗ ಎಷ್ಟು ಹೊತ್ತು ಬೇಕು ಅನ್ನುವುದು ಇನ್ನೊಂದು. ಕೆಲಸದ ಸಮಯ ಮೊದಲನೆಯದು, ರೆಸ್ಪಾನ್ಸ್ ಟೈಮ್ ಎರಡನೆಯದು.

ಮೊದಲು ಸುಲಭ ಪರೀಕ್ಷೆ. ಪ್ರತಿ ಟಾಸ್ಕ್‌ನ ಕೆಲಸವನ್ನು ಅವಧಿಯಿಂದ ಭಾಗಿಸಿ ಕೂಡಿಸಿ: 0.20 + 0.30 + 0.16 + 0.20 = 0.86. ಅಂದರೆ ಸಿಪಿಯು ಶೇ. 86 ತುಂಬಿದೆ. 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಇದಕ್ಕೆ ಒಂದು ಮಿತಿ ತೋರಿಸಿದರು. ಎರಡು ಟಾಸ್ಕ್ ಇದ್ದರೆ ಶೇ. 82.8, ಮೂರಕ್ಕೆ 78, ನಾಲ್ಕಕ್ಕೆ 75.7. ಟಾಸ್ಕ್ ಎಷ್ಟೇ ಇರಲಿ, ಶೇ. 69.3ರೊಳಗೆ ಇದ್ದರೆ ರೇಟ್ ಮೊನೊಟೊನಿಕ್‌ನಲ್ಲಿ ಗಡುವು ತಪ್ಪುವುದಿಲ್ಲ.

ನಮ್ಮದು 86, ಮಿತಿ 75.7. ಹಾಗಾದರೆ ಫೇಲಾ? ಅಲ್ಲ. ಮಿತಿಯೊಳಗೆ ಇದ್ದರೆ ಖಂಡಿತ ಪಾಸ್. ಮೀರಿದರೆ ಇನ್ನೂ ಗೊತ್ತಿಲ್ಲ ಅಂತ ಮಾತ್ರ ಅರ್ಥ. ಇಲ್ಲೇ ಎಷ್ಟೋ ಜನ ಹೆದರಿ ದುಬಾರಿ ಚಿಪ್‌ಗೆ ಹೋಗಿಬಿಡುತ್ತಾರೆ. ಅದಕ್ಕೆ ಮುಂಚೆ ಪಕ್ಕಾ ಲೆಕ್ಕ ಮಾಡಬೇಕು.

ಆ ಪಕ್ಕಾ ಲೆಕ್ಕಕ್ಕೂ ನಮ್ಮ ಈ ಊರುಗಳಿಗೂ ನಂಟಿದೆ. 1986ರಲ್ಲಿ ಅದನ್ನು ಪ್ರಕಟಿಸಿದವರು ಮಥಾಯ್ ಜೋಸೆಫ್ ಮತ್ತು ಪರಿತೋಷ್ ಪಾಂಡ್ಯ. ಇಬ್ಬರೂ ಮುಂಬೈ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಕೆಲಸ ಮಾಡಿದವರು. ಜೋಸೆಫ್ ಮುಂದೆ ಪುಣೆಯ ಟಾಟಾ ಸಂಶೋಧನಾ ಕೇಂದ್ರ ಟಿಆರ್‌ಡಿಡಿಸಿಯ ಮುಖ್ಯಸ್ಥರಾದರು. ಇಂದು ಜಗತ್ತಿನಾದ್ಯಂತ ಗಾಡಿ, ವಿಮಾನದ ಎಂಜಿನಿಯರ್‌ಗಳು ಬಳಸುವ ಲೆಕ್ಕದ ಬೇರು ಇಲ್ಲಿದೆ ಅನ್ನುವುದು ನನಗೆ ಬಹಳ ಖುಷಿ ಕೊಡುವ ವಿಷಯ. ಪುಣೆಗೆ ಬರುವ ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು.

ಸೂತ್ರ ಮಾತಿನಲ್ಲಿ ಹೀಗಿದೆ: ರೆಸ್ಪಾನ್ಸ್ ಟೈಮ್ ಅಂದರೆ ತನ್ನ ಕೆಲಸ, ಅದರ ಮೇಲೆ ಅಷ್ಟು ಹೊತ್ತಿನಲ್ಲಿ ಮೇಲಿನ ಪ್ರಯಾರಿಟಿಯವರು ಎಷ್ಟು ಸಲ ನುಗ್ಗುತ್ತಾರೋ ಅಷ್ಟು ಸಲದ ಅವರ ಕೆಲಸ. "ಅಷ್ಟು ಹೊತ್ತು" ಅನ್ನುವುದೇ ನಾವು ಹುಡುಕುತ್ತಿರುವ ಸಂಖ್ಯೆ. ಹಾಗಾಗಿ ಒಂದು ಬೆಲೆಯಿಂದ ಶುರು ಮಾಡಿ, ಬಂದ ಉತ್ತರವನ್ನು ಮತ್ತೆ ಒಳಗೆ ಹಾಕಿ, ಉತ್ತರ ಬದಲಾಗದೆ ನಿಲ್ಲುವವರೆಗೆ ಹೋಗಬೇಕು. ಭಾಗಿಸಿದಾಗ ಚೂರು ಉಳಿದರೂ ಪೂರ್ತಿ ಒಂದು ಸಲ ಅಂತ ಎಣಿಸಿ. ಎಲ್ಲರೂ ಒಂದೇ ಕ್ಷಣಕ್ಕೆ ಎದ್ದರು ಅಂತ ಇಟ್ಟುಕೊಳ್ಳಿ, ಏಕೆಂದರೆ ಅದೇ ಅತಿ ಕೆಟ್ಟ ಕ್ಷಣ.

ಕರೆಂಟ್ ಟಾಸ್ಕ್‌ನ ಮೇಲೆ ಯಾರೂ ಇಲ್ಲ: 1. ವೋಲ್ಟೇಜ್: 6 ಇಟ್ಟು ನೋಡಿದರೆ ಕರೆಂಟ್ ಎರಡು ಸಲ ನುಗ್ಗುತ್ತದೆ, 8. ಎಂಟರಲ್ಲೂ ಎರಡೇ ಸಲ. ನಿಂತಿತು, 8. ಕ್ಯಾನ್: 8, 16, 18, 18. ನಾಲ್ಕನೇ ಟಾಸ್ಕ್ ಲಾಗ್‌ನದು ನೋಡಿ, ಅದು ಚೆಂದ.

20ರಿಂದ ಶುರು. 20ರಲ್ಲಿ ಕರೆಂಟ್ 4 ಸಲ, ವೋಲ್ಟೇಜ್ 1 ಸಲ (6), ಕ್ಯಾನ್ 1 ಸಲ (8). ಒಟ್ಟು 20 + 4 + 6 + 8 = 38. ಈಗ 38 ಹಾಕಿ: 20 + 8 + 12 + 8 = 48. 48 ಹಾಕಿ: 20 + 10 + 18 + 8 = 56. ಐವತ್ತು ದಾಟಿತು, ಕ್ಯಾನ್ ಎರಡನೇ ಸಲ ಬರುತ್ತದೆ: 20 + 12 + 18 + 16 = 66. ಮುಂದೆ 74. ಆಮೇಲೆ 75. ಮತ್ತೆ 75. ನಿಂತಿತು.

20 ಮಿಲಿಸೆಕೆಂಡ್‌ನ ಕೆಲಸ ಮುಗಿಯಲು 75 ಹಿಡಿಯಿತು. ಆದರೂ 100ರೊಳಗೆ ಇದೆ. ಶೇ. 86 ತುಂಬಿದ ಚಿಪ್ ಮೇಲೆ ನಾಲ್ಕೂ ಟಾಸ್ಕ್ ಪಾಸ್. ಈ ಲೆಕ್ಕ ಹಾಕುವ ಪ್ರೋಗ್ರಾಂ ಪೈಥಾನ್‌ನಲ್ಲಿ ಬಹಳ ಚಿಕ್ಕದು, ನೀವೇ ಬರೆಯಿರಿ. ಆದರೆ ಮೊದಲ ಸಲ ಕೈಯಲ್ಲೇ ಮಾಡಿ.

ಎರಡು ವಿಷಯ ಮರೆಯಬೇಡಿ. ಇಂಟರಪ್ಟ್‌ಗಳೂ ಟಾಸ್ಕ್‌ಗಳೇ, ಎಲ್ಲರಿಗಿಂತ ಮೇಲಿನ ಪ್ರಯಾರಿಟಿಯವು. ಎರಡು ಇಂಟರಪ್ಟ್ ನಡುವೆ ಕನಿಷ್ಠ ಎಷ್ಟು ಅಂತರ ಅಂತ ಹೇಳಲು ಆಗದಿದ್ದರೆ ಈ ಲೆಕ್ಕವೇ ಸಾಗುವುದಿಲ್ಲ. ಟಾಸ್ಕ್ ಬದಲಿಸಲು ಆರ್‌ಟಿಒಎಸ್ ತೆಗೆದುಕೊಳ್ಳುವ ಸಮಯವನ್ನು ಪ್ರತಿ ಟಾಸ್ಕ್‌ನ ಕೆಲಸದಲ್ಲೇ ಸೇರಿಸಿಬಿಡಿ.

ಹೆಜ್ಜೆ 6: ಲಾಕ್ ಹಿಡಿದವರು ಯಾರು?

ಇಲ್ಲಿಯವರೆಗೆ ಟಾಸ್ಕ್‌ಗಳು ಏನನ್ನೂ ಹಂಚಿಕೊಳ್ಳುತ್ತಿಲ್ಲ ಅಂದುಕೊಂಡೆವು. ನಿಜದಲ್ಲಿ ಹಂಚಿಕೊಳ್ಳುತ್ತವೆ. ಕರೆಂಟ್‌ನ ಹಿಂದಿನ ಅಳತೆಗಳ ಪಟ್ಟಿಯನ್ನು ಲಾಗ್ ಟಾಸ್ಕ್ ಓದಬೇಕು. ಓದುವಾಗ 3 ಮಿಲಿಸೆಕೆಂಡ್ ಲಾಕ್ ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ.

ಲಾಕ್‌ಗೆ ಸಾದಾ ಸೆಮಾಫೋರ್ ಬಳಸಿದ್ದರೆ ಏನಾಗುತ್ತದೆ? ಲಾಗ್ ಲಾಕ್ ಹಿಡಿದಿದೆ. ಕರೆಂಟ್ ಟಾಸ್ಕ್ ಎದ್ದು ಕಾಯುತ್ತದೆ. ಅಷ್ಟರಲ್ಲಿ ವೋಲ್ಟೇಜ್, ಕ್ಯಾನ್ ಎರಡೂ ಏಳುತ್ತವೆ. ಅವಕ್ಕೆ ಲಾಕ್ ಬೇಕಿಲ್ಲ, ಲಾಗ್‌ಗಿಂತ ಪ್ರಯಾರಿಟಿ ಜಾಸ್ತಿ, ಸೀದಾ ಓಡುತ್ತವೆ. 6 + 8 ಆದ ಮೇಲೆ ಲಾಗ್ ತನ್ನ 3 ಮುಗಿಸಬೇಕು. ಆಮೇಲೆ ಕರೆಂಟ್ ತನ್ನ 1. ಒಟ್ಟು 18. ಗಡುವು 5. ಎಲ್ಲರಿಗಿಂತ ಮುಖ್ಯವಾದವನು ಎಲ್ಲರಿಗಿಂತ ಹಿಂದೆ ಬಿದ್ದ. 1997ರಲ್ಲಿ ಮಂಗಳ ಗ್ರಹದ ಮೇಲಿದ್ದ ನಾಸಾದ ಪಾತ್‌ಫೈಂಡರ್ ನೌಕೆ ಪದೇಪದೇ ರೀಸೆಟ್ ಆಗಿದ್ದು ಇದೇ ಕಾರಣಕ್ಕೆ. ಹವಾಮಾನದ ಮಾಹಿತಿ ಸೇರಿಸುವ ಕೆಳಗಿನ ಪ್ರಯಾರಿಟಿಯ ಟಾಸ್ಕ್ ಮ್ಯೂಟೆಕ್ಸ್ (ಒಂದು ಬಗೆಯ ಲಾಕ್) ಹಿಡಿದಿತ್ತು, ನಡುವಿನವು ಓಡಿದವು, ಮೇಲಿನದು ಹೊತ್ತಿಗೆ ಮುಗಿಯಲಿಲ್ಲ. ಆ ಮ್ಯೂಟೆಕ್ಸ್‌ಗೆ ಪ್ರಯಾರಿಟಿ ಇನ್ಹೆರಿಟೆನ್ಸ್ (ಲಾಕ್ ಹಿಡಿದವರಿಗೆ ಅದಕ್ಕಾಗಿ ಕಾಯುವವರ ಪ್ರಯಾರಿಟಿ ಸಿಗುವುದು) ಆನ್ ಮಾಡಿ ಭೂಮಿಯಿಂದಲೇ ಸರಿಪಡಿಸಿದರು.

ಫ್ರೀಆರ್‌ಟಿಒಎಸ್‌ನಲ್ಲಿ ಮ್ಯೂಟೆಕ್ಸ್‌ಗೆ ಈ ಗುಣ ಇದೆ, ಬೈನರಿ ಸೆಮಾಫೋರ್‌ಗೆ ಇಲ್ಲ. ಎರಡೂ ಒಂದೇ ತರಹ ಕಾಣುತ್ತವೆ, ಒಂದೇ ತರಹ ಕರೆಯುತ್ತೇವೆ. ಕೋಡ್ ರಿವ್ಯೂನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಓಸೆಕ್, ಆಟೋಸಾರ್ ಓಎಸ್‌ಗಳಲ್ಲಿ ಪ್ರಯಾರಿಟಿ ಸೀಲಿಂಗ್ ಇದೆ: ಲಾಕ್ ಹಿಡಿದ ಕೂಡಲೇ, ಅದನ್ನು ಬಳಸುವವರಲ್ಲಿ ಎಲ್ಲರಿಗಿಂತ ಮೇಲಿನವರ ಪ್ರಯಾರಿಟಿ ಸಿಗುತ್ತದೆ. ಅದರಲ್ಲಿ ಒಬ್ಬರು ಒಂದೇ ಸಲ, ಒಂದೇ ಲಾಕ್‌ನಷ್ಟು ಹೊತ್ತು ತಡೆಯಬಹುದು, ಜಾಸ್ತಿ ಇಲ್ಲ. ಲೆಕ್ಕಕ್ಕೆ ಬಹಳ ಅನುಕೂಲ.

ಸೀಲಿಂಗ್ ಇಟ್ಟು ಮತ್ತೆ ಲೆಕ್ಕ ಮಾಡಿ, ಮೇಲಿನ ಮೂವರಿಗೂ 3ರ ತಡೆ ಸೇರಿಸಿ. ಕರೆಂಟ್ 4, ವೋಲ್ಟೇಜ್ 12, ಕ್ಯಾನ್ 29, ಲಾಗ್ ಮೊದಲಿನಂತೆ 75. ಎಲ್ಲ ಪಾಸ್. ಆದರೆ ಕರೆಂಟ್‌ನ ಗಡುವು 5, ಈಗ 4ಕ್ಕೆ ಬಂದು ನಿಂತಿದೆ. ಲಾಗ್ ಬರೆಯುವವರು ಲಾಕ್ ಒಳಗೆ ಇನ್ನೆರಡು ಮಿಲಿಸೆಕೆಂಡ್ ಸೇರಿಸಿದರೆ ಸಿಸ್ಟಮ್ ಮುರಿಯುತ್ತದೆ. ಅದಕ್ಕೇ ಕರಾರಿನಲ್ಲಿ ಲಾಕ್ ಸಮಯ ಬರೆಸಿ ಅಂದದ್ದು.

ಲಾಕ್ ಅಂತ ಹೆಸರಿಲ್ಲದ ಲಾಕ್‌ಗಳೂ ಇವೆ. ಫ್ಲ್ಯಾಶ್ ಅಳಿಸುವುದು ಅದರಲ್ಲಿ ದೊಡ್ಡದು. ಒಂದೇ ಬ್ಯಾಂಕ್ ಇರುವ ಚಿಪ್‌ನಲ್ಲಿ ಫ್ಲ್ಯಾಶ್ ಅಳಿಸುವಾಗ ಅದೇ ಫ್ಲ್ಯಾಶ್‌ನಿಂದ ಕೋಡ್ ಓದಲು ಆಗುವುದಿಲ್ಲ. ಸಿಪಿಯು ನಿಂತುಬಿಡುತ್ತದೆ, ಇಂಟರಪ್ಟ್ ಕೂಡ ಕಾಯಬೇಕು. ದೊಡ್ಡ ಸೆಕ್ಟರ್ ಅಳಿಸಲು ಒಂದು ಸೆಕೆಂಡ್ ದಾಟುವ ಚಿಪ್‌ಗಳಿವೆ. ಗಾಡಿ ಓಡುವಾಗ ಲಾಗ್ ಕಾಂಪೊನೆಂಟ್ ಅಂಥ ಅಳಿಸುವ ಕೆಲಸ ಮಾಡಿದರೆ ನಮ್ಮ ಲೆಕ್ಕವೆಲ್ಲ ನೀರುಪಾಲು. ಹೊರಗಿನ ಮೆಮೊರಿ ಬಳಸಿ, ಇಲ್ಲವೇ ಗಾಡಿ ನಿಂತಾಗ ಮಾತ್ರ ಅಳಿಸಿ.

ಲಾಕ್ ತಪ್ಪಿಸಲು ಹೋಗಿ ಡೇಟಾ ಕೆಡಿಸಿಕೊಳ್ಳುವುದೂ ಉಂಟು. ಕ್ಯಾನ್ ಟಾಸ್ಕ್ 14 ಸೆಲ್‌ಗಳ ವೋಲ್ಟೇಜ್ ಓದುತ್ತಾ ಏಳನೆಯದಕ್ಕೆ ಬಂದಿದೆ. ಆಗ ವೋಲ್ಟೇಜ್ ಟಾಸ್ಕ್ ನುಗ್ಗಿ ಎಲ್ಲವನ್ನೂ ಹೊಸದಾಗಿ ಬರೆಯಿತು. ಕ್ಯಾನ್ ಕೈಗೆ ಅರ್ಧ ಹಳೆಯದು, ಅರ್ಧ ಹೊಸದು ಸಿಕ್ಕಿತು. ಸವಾರ ಆಗಷ್ಟೇ ಆಕ್ಸಿಲರೇಟರ್ ತಿರುವಿದ್ದರೆ ಹೊಸ ವೋಲ್ಟೇಜ್ ಎಲ್ಲ ಕೆಳಗೆ. ಸೆಲ್‌ಗಳ ನಡುವೆ ಇಲ್ಲದ ವ್ಯತ್ಯಾಸ ಕಂಡು ಸುಮ್ನೆ ಅಲಾರಂ ಹೊಡೆಯುತ್ತದೆ. ಎರಡು ಬಫರ್ ಇಡಿ. ಒಂದರಲ್ಲಿ ಬರೆಯಿರಿ, ಪೂರ್ತಿ ಆದ ಮೇಲೆ ಸೂಚ್ಯಂಕ ಬದಲಿಸಿ. ಓದುವವರು ಮುಗಿಸುವ ಮೊದಲೇ ಬರೆಯುವವರು ಎರಡು ಸುತ್ತು ಬರಬಹುದು ಅಂತಾದರೆ ಮೂರನೇ ಬಫರ್ ಬೇಕು.

ಹೆಜ್ಜೆ 7: ಸರಪಳಿಯ ಪೂರ್ತಿ ಸಮಯ

ಪ್ರತಿ ಟಾಸ್ಕ್ ಪಾಸ್ ಆಯಿತು ಅಂತ ಕೆಲಸ ಮುಗಿಯಲಿಲ್ಲ. ನಮ್ಮ ನಿಜವಾದ ಗಡುವು ವೋಲ್ಟೇಜ್‌ನಿಂದ ಮೋಟಾರ್‌ವರೆಗಿನ 100 ಮಿಲಿಸೆಕೆಂಡ್. ಅದು ಯಾವ ಒಂದು ಟಾಸ್ಕ್‌ಗೂ ಸೇರಿದ್ದಲ್ಲ.

ಸೆಲ್ ವೋಲ್ಟೇಜ್ ಮಿತಿ ದಾಟಿದ್ದು ಟಾಸ್ಕ್ ಓದಿದ ಮರುಕ್ಷಣ ಆದರೆ ಮುಂದಿನ ಸರದಿಗೆ ಪೂರ್ತಿ 20 ಕಾಯಬೇಕು. ಆಮೇಲೆ ಅದರ ರೆಸ್ಪಾನ್ಸ್ ಟೈಮ್ 12. ಅದು ಬರೆದದ್ದು ಕ್ಯಾನ್ ಟಾಸ್ಕ್ ಓದಿಯಾದ ಮೇಲೆ ಬಂದರೆ ಇನ್ನೊಂದು 50, ಅದರ ಮೇಲೆ 29. ಹೀಗೆ ಪ್ರತಿ ಕೊಂಡಿಯಲ್ಲೂ ಅವಧಿ ಮತ್ತು ರೆಸ್ಪಾನ್ಸ್ ಟೈಮ್ ಎರಡನ್ನೂ ಕೂಡಿಸಬೇಕು.

ಬಸ್‌ನದೂ ಸೇರಿಸಿ. 11 ಬಿಟ್ ಐಡಿ, 8 ಬೈಟ್ ಡೇಟಾದ ಕ್ಯಾನ್ ಫ್ರೇಮ್, ಬಿಟ್ ಸ್ಟಫಿಂಗ್ (ಕ್ಯಾನ್ ನಡುನಡುವೆ ಸೇರಿಸುವ ಹೆಚ್ಚುವರಿ ಬಿಟ್) ಸೇರಿ ಅತಿ ಹೆಚ್ಚೆಂದರೆ 135 ಬಿಟ್. 500 ಕಿಲೋಬಿಟ್ ವೇಗದಲ್ಲಿ 0.27 ಮಿಲಿಸೆಕೆಂಡ್. ಕ್ಯಾನ್‌ನಲ್ಲಿ ಶುರುವಾದ ಫ್ರೇಮನ್ನು ನಡುವೆ ನಿಲ್ಲಿಸಲು ಆಗುವುದಿಲ್ಲ. ಮೇಲಿನ ಪ್ರಯಾರಿಟಿಯ ಐದು ಸಂದೇಶ ಒಂದೊಂದು ಸಲ, ಮೊದಲೇ ಹೊರಟಿದ್ದ ಕೆಳಗಿನದೊಂದು, ನಮ್ಮದೊಂದು, ಒಟ್ಟು ಏಳು: 1.89. ಎರಡು ಅಂತ ಇಡಿ. ಮೋಟಾರ್ ಕಂಟ್ರೋಲರ್‌ನ ಟಾಸ್ಕ್ ಅವಧಿ 10, ರೆಸ್ಪಾನ್ಸ್ 4: ಹದಿನಾಲ್ಕು.

20 + 12 + 50 + 29 + 2 + 14 = 127. ಗಡುವು 100. ಫೇಲ್.

ಒಂದು ಟಾಸ್ಕೂ ತನ್ನ ಗಡುವು ತಪ್ಪಿಸಿಲ್ಲ, ಆದರೂ ಸಿಸ್ಟಮ್ ತಪ್ಪಿಸಿದೆ. ಕಾಂಪೊನೆಂಟ್ ಒಂದೊಂದನ್ನೇ ಟೆಸ್ಟ್ ಮಾಡುವ ತಂಡಗಳಿಗೆ ಇದು ಕಾಣುವುದೇ ಇಲ್ಲ. ಟೇಬಲ್ ಮೇಲೆ ಅಳೆದಾಗಲೂ ಸಾಮಾನ್ಯವಾಗಿ 60, 70 ಬರುತ್ತದೆ. ಆ 127 ಯಾವಾಗಲೋ ಒಮ್ಮೆ, ಎಲ್ಲ ಕೆಟ್ಟ ಕ್ಷಣಗಳು ಒಟ್ಟಿಗೆ ಬಂದಾಗ, ರಸ್ತೆಯ ಮೇಲೆ ಬರುತ್ತದೆ.

ಸರಿಪಡಿಸುವುದು ಹೇಗೆ? ಕ್ಯಾನ್ ಟಾಸ್ಕನ್ನು 20ಕ್ಕೆ ಇಳಿಸೋಣ ಅನ್ನಿಸುತ್ತದೆ. 8ನ್ನು 20ರಿಂದ ಭಾಗಿಸಿದರೆ 0.40, ಒಟ್ಟು 1.10. ಚಿಪ್‌ನಲ್ಲಿ ಅಷ್ಟು ಜಾಗವೇ ಇಲ್ಲ. ಬದಲಿಗೆ ಕಾಂಪೊನೆಂಟನ್ನು ಒಡೆಯಿರಿ. ಕ್ಯಾನ್ ಕಾಂಪೊನೆಂಟ್‌ನಲ್ಲಿ ಎರಡು ಕೆಲಸ ಬೆರೆತಿವೆ: ತುರ್ತು ಸಂದೇಶ, ಮತ್ತು ಡ್ಯಾಶ್‌ಬೋರ್ಡ್‌ಗೆ ಹೋಗುವ ಸಾವಕಾಶದ ಮಾಹಿತಿ. ತುರ್ತಿನ 1 ಮಿಲಿಸೆಕೆಂಡ್ ಭಾಗವನ್ನು ವೋಲ್ಟೇಜ್ ಟಾಸ್ಕ್‌ನ ಕೊನೆಗೆ ಜೋಡಿಸಿ. ಈಗ ವೋಲ್ಟೇಜ್ 7, ಕ್ಯಾನ್ 7. ಮತ್ತೆ ಲೆಕ್ಕ: ಕರೆಂಟ್ 4, ವೋಲ್ಟೇಜ್ 13, ಕ್ಯಾನ್ 30, ಲಾಗ್ 78. ಎಲ್ಲ ಪಾಸ್. ಸರಪಳಿ 20 + 13 + 2 + 14 = 49. 127 ಇದ್ದದ್ದು 49 ಆಯಿತು. ಚಿಪ್ ಬದಲಿಸಲಿಲ್ಲ, ಕೋಡ್ ವೇಗ ಮಾಡಲಿಲ್ಲ. ಒಂದು ರನ್ನಬಲ್ ಬೇರೆ ಟಾಸ್ಕ್‌ಗೆ ಹೋಯಿತು ಅಷ್ಟೇ. ಕಾಂಪೊನೆಂಟ್ ಮತ್ತು ಟಾಸ್ಕ್ ಬೇರೆ ಬೇರೆ ಇಟ್ಟದ್ದಕ್ಕೆ ಇದು ಸಾಧ್ಯವಾಯಿತು.

ಹೆಜ್ಜೆ 8: ಓಡುವಾಗಲೂ ಕಾವಲು

ಕಾಗದದ ಲೆಕ್ಕ ನಾವು ಕೊಟ್ಟ ಸಂಖ್ಯೆಗಳನ್ನು ನಂಬುತ್ತದೆ. ಅವು ಸುಳ್ಳಾದರೆ ಸಿಸ್ಟಮ್‌ಗೆ ಗೊತ್ತಾಗಬೇಕು. ವಾಚ್‌ಡಾಗನ್ನು (ಹೊತ್ತಿಗೆ ತಟ್ಟದಿದ್ದರೆ ಚಿಪ್ ರೀಸೆಟ್ ಮಾಡುವ ಕಾವಲುಗಾರ) ಟೈಮರ್ ಇಂಟರಪ್ಟ್‌ನಿಂದ ತಟ್ಟಬೇಡಿ. ಟಾಸ್ಕ್‌ಗಳೆಲ್ಲ ಸತ್ತರೂ ಟೈಮರ್ ತಟ್ಟುತ್ತಲೇ ಇರುತ್ತದೆ. ಪ್ರತಿ ಟಾಸ್ಕ್ ತನ್ನ ಸುತ್ತು ಮುಗಿಸಿ ಗುರುತು ಹಾಕಲಿ, ಎಲ್ಲರ ಗುರುತೂ ಹೊತ್ತಿಗೆ ಬಂದಿದ್ದರೆ ಮಾತ್ರ ತಟ್ಟಿ. ಪ್ರತಿ ಟಾಸ್ಕ್ ಇದುವರೆಗೆ ತೆಗೆದುಕೊಂಡ ಗರಿಷ್ಠ ಸಮಯ, ಸ್ಟ್ಯಾಕ್‌ನಲ್ಲಿ ಉಳಿದ ಕನಿಷ್ಠ ಜಾಗ, ಇವೆರಡನ್ನೂ ಡಯಾಗ್ನಾಸ್ಟಿಕ್ಸ್‌ನಲ್ಲಿ ಓದಲು ಸಿಗುವಂತೆ ಇಡಿ. ಐಎಸ್‌ಒ 26262 (ಗಾಡಿ ಎಲೆಕ್ಟ್ರಾನಿಕ್ಸ್‌ನ ಸುರಕ್ಷತಾ ಸ್ಟ್ಯಾಂಡರ್ಡ್) ಬೇಕಾದ ಪ್ರಾಜೆಕ್ಟ್ ಆದರೆ, ಒಂದು ಕಾಂಪೊನೆಂಟ್ ಇನ್ನೊಂದರ ಸಮಯವನ್ನೋ ಮೆಮೊರಿಯನ್ನೋ ತಿನ್ನುವುದಿಲ್ಲ ಅಂತ ತೋರಿಸಲು ಇವು ಹೇಗೂ ಬೇಕು.

ಹೆಜ್ಜೆ 9: ಬದಲಾವಣೆ ಬಂದಾಗ

ಬರುತ್ತದೆ. ಯಾರೋ ಹೊಸ ಫಿಲ್ಟರ್ ಸೇರಿಸುತ್ತಾರೆ, ಇನ್ಯಾರೋ ಲಾಗ್‌ಗೆ ಎರಡು ಕಾಲಂ. ಆಗ "ಎಷ್ಟು ಜಾಗ ಇದೆ?" ಅಂತ ಕೇಳುತ್ತಾರೆ. ಹೆಜ್ಜೆ 7ರ ಬದಲಾವಣೆ ಆದ ಮೇಲೆ (0.20 + 0.35 + 0.14 + 0.20) ಶೇ. 89 ತುಂಬಿದೆ, 11 ಖಾಲಿ ಅಂತ ಹೇಳಿದರೆ ಉತ್ತರ ಆಗುವುದಿಲ್ಲ. ಒಂದೊಂದು ಟಾಸ್ಕನ್ನೂ ಬೆಳೆಸುತ್ತಾ, ಉಳಿದವನ್ನು ಹಾಗೇ ಇಟ್ಟು, ಎಲ್ಲಿ ಮುರಿಯುತ್ತದೆ ಅಂತ ನೋಡಿ. ನಮ್ಮ ಸಿಸ್ಟಮ್‌ನಲ್ಲಿ ಲಾಗ್ ಟಾಸ್ಕ್ 20ರಿಂದ 31ರವರೆಗೆ ಬೆಳೆಯಬಹುದು, 11 ಮಿಲಿಸೆಕೆಂಡ್. ಕ್ಯಾನ್ 5 ಬೆಳೆಯಬಹುದು, ವೋಲ್ಟೇಜ್ 2. ಕರೆಂಟ್ ಟಾಸ್ಕ್ ಬರೇ ಅರ್ಧ ಮಿಲಿಸೆಕೆಂಡ್.

ಹಾಗಾಗಿ ಕರೆಂಟ್ ಕಾಂಪೊನೆಂಟ್‌ನ ಒಂದೊಂದು ಸಾಲಿಗೂ ರಿವ್ಯೂ ಬೇಕು, ಲಾಗ್‌ನದಕ್ಕೆ ಅಷ್ಟು ಬೇಡ, ಲಾಕ್ ಒಳಗಿನ ಸಾಲುಗಳನ್ನು ಬಿಟ್ಟು. ಈ ನಾಲ್ಕು ಸಂಖ್ಯೆಗಳನ್ನು ಪ್ರತಿ ಕಾಂಪೊನೆಂಟ್‌ನ ಕರಾರಿನಲ್ಲಿ ಮೇಲ್ಗಡೆಯೇ ಬರೆದಿಡಿ. ಲೆಕ್ಕದ ಪೈಥಾನ್ ಪ್ರೋಗ್ರಾಂ ಅನ್ನು ಬಿಲ್ಡ್ ಜೊತೆಗೇ ಸೇರಿಸಿ. ಕರಾರಿನ ಫೈಲ್‌ನಲ್ಲಿ ಯಾರಾದರೂ ಸಂಖ್ಯೆ ಬದಲಿಸಿದರೆ ಎಲ್ಲ ರೆಸ್ಪಾನ್ಸ್ ಟೈಮ್, ಎಲ್ಲ ಸರಪಳಿ ತಾನಾಗಿ ಮತ್ತೆ ಲೆಕ್ಕವಾಗಲಿ. ಯಾವುದಾದರೂ ಗಡುವು ದಾಟಿದರೆ ಬಿಲ್ಡ್ ಅಲ್ಲೇ ನಿಲ್ಲಲಿ, ಯಾವ ಸರಪಳಿ ಎಷ್ಟು ಮಿಲಿಸೆಕೆಂಡ್ ದಾಟಿತು ಅಂತ ಸಂದೇಶದಲ್ಲಿ ಬರಲಿ.